ಅಮೆರಿಕದ ರೈಲು ಮಾರ್ಗಗಳಿಗೆ ಪರಂಪರೆ ಪರಿಶೀಲನೆಯಿಂದ ವಿನಾಯಿತಿ: ಉಳಿಸುವ ಪಟ್ಟಿ ಬರೆಯುವವರು ಯಾರು?

ಹಳಿಗುಂಟ (ನ್ಯೂಜೆರ್ಸಿ)

ರೈಲು ಅಂದರೆ ಕೈಲಿರುವ ಕೆಲಸ ಬಿಟ್ಟು ಓದುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಅದಕ್ಕೇ ಈ ವಿಷಯವನ್ನು ಇಲ್ಲಿ ಎತ್ತುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಅಮೆರಿಕದಲ್ಲಿ 1966ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸಂರಕ್ಷಣಾ ಕಾಯ್ದೆ ಬಂತು. ಅದರ ಸೆಕ್ಷನ್ 106 ಹೇಳುವುದು ಇಷ್ಟು: ಕೇಂದ್ರ ಸರ್ಕಾರದ ದುಡ್ಡಾಗಲಿ, ಪರವಾನಗಿಯಾಗಲಿ ಸೇರಿದ ಯಾವುದೇ ಕೆಲಸಕ್ಕೆ ಕೈ ಹಾಕುವ ಮುಂಚೆ, ಅದರಿಂದ ಚಾರಿತ್ರಿಕ ಆಸ್ತಿಗೆ ಏನಾಗುತ್ತದೆ ಎಂದು ನೋಡಬೇಕು. ರಾಜ್ಯದ ಸಂರಕ್ಷಣಾ ಅಧಿಕಾರಿಯನ್ನು ಕೇಳಬೇಕು. ಮೂಲನಿವಾಸಿ ಬುಡಕಟ್ಟುಗಳನ್ನು ಕೇಳಬೇಕು. ಊರವರಿಗೂ ಮಾತಾಡಲು ಅವಕಾಶ ಕೊಡಬೇಕು. ಸಾಮಾನ್ಯವಾಗಿ 50 ವರ್ಷ ದಾಟಿದ್ದು ಯಾವುದಾದರೂ ಇದರೊಳಗೆ ಬರಬಹುದು.

ರೈಲಿನವರ ತಲೆನೋವು ಅಲ್ಲೇ ಶುರು. ಈ ದೇಶದ ರೈಲು ಮಾರ್ಗದಲ್ಲಿ 50 ವರ್ಷ ದಾಟದೆ ಇರುವುದು ಏನಿದೆ? ಮೋರಿ, ತಡೆಗೋಡೆ, ಸಿಗ್ನಲ್ ಕ್ಯಾಬಿನ್, ಸೇತುವೆ, ಸುರಂಗ, ಎಲ್ಲವೂ ಅಜ್ಜನ ಕಾಲದ್ದೇ. ಬಿಡಿ ಸೇತುವೆಯನ್ನಲ್ಲ, ಇಡೀ ಮಾರ್ಗವನ್ನೇ ಚಾರಿತ್ರಿಕ ಎಂದು ಹಿಡಿದರೆ ದಿನನಿತ್ಯದ ರಿಪೇರಿಗೂ ಕಡತ ಓಡಿಸಬೇಕು ಎಂಬುದು ಅವರ ದೂರು.

ಹೆದ್ದಾರಿಯವರಿಗೆ ಈ ಭಯ ಮೊದಲೇ ಬಂದಿತ್ತು. ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಕಾಯ್ದೆ ಆದದ್ದು 1956ರಲ್ಲಿ. 2006ಕ್ಕೆ ಅದಕ್ಕೂ 50 ತುಂಬುತ್ತಿತ್ತು. 2005ರ ಮಾರ್ಚ್‌ನಲ್ಲೇ ಚಾರಿತ್ರಿಕ ಸಂರಕ್ಷಣಾ ಸಲಹಾ ಮಂಡಳಿ ಇಡೀ ಜಾಲಕ್ಕೆ ವಿನಾಯಿತಿ ಕೊಟ್ಟುಬಿಟ್ಟಿತು. ಕೊಲರಾಡೊದ ಗ್ಲೆನ್‌ವುಡ್ ಕಣಿವೆಯ ರಸ್ತೆಯಂಥ ಕೆಲವು ವಿಶೇಷ ಭಾಗಗಳನ್ನು ಮಾತ್ರ ಪಟ್ಟಿ ಮಾಡಿ ಪರಿಶೀಲನೆಯೊಳಗೆ ಉಳಿಸಿಕೊಂಡರು.

ಅದನ್ನು ನೋಡಿ ರೈಲಿನವರೂ ನಮಗೂ ಕೊಡಿ ಎಂದರು. 2015ರ ಡಿಸೆಂಬರ್‌ನಲ್ಲಿ ಬಂದ ಫಾಸ್ಟ್ ಆ್ಯಕ್ಟ್ ಎಂಬ ಸಾರಿಗೆ ಕಾಯ್ದೆಯಲ್ಲಿ, ಹೆದ್ದಾರಿ ಮಾದರಿಯಲ್ಲೇ ರೈಲು ಮಾರ್ಗಕ್ಕೂ ವಿನಾಯಿತಿ ರೂಪಿಸಬೇಕು ಎಂದು ಅಲ್ಲಿನ ಸಂಸತ್ತು ಹೇಳಿತು. 2018ರ ಆಗಸ್ಟ್‌ನಲ್ಲಿ ಮಂಡಳಿ ಅದನ್ನು ಹೊರಡಿಸಿತು.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಹಳೇ ಸೇತುವೆಗಳ ನಡುವೆಯೇ ಬದುಕು. ನನ್ನ ಲೆಕ್ಕದಲ್ಲಿ ವಿನಾಯಿತಿ ಬೇಕೇ ಇತ್ತು. ಆದರೆ ಯಾವುದು ಉಳಿಯಬೇಕು ಎನ್ನುವ ಪಟ್ಟಿಯ ಮೊದಲ ಕರಡನ್ನು ಕೆಲಸ ಮಾಡಿಸುವವರ ಕೈಗೇ ಕೊಟ್ಟದ್ದು ಸರಿ ಕಾಣುವುದಿಲ್ಲ. ನಿಮಗೇನನ್ನಿಸುತ್ತದೆ?

ಮೈಸೂರ್ ಮಲ್ಲಿ

ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ. ನಮ್ಮ ಕ್ಲಾಸಿನಲ್ಲಿ ಪರಂಪರೆ ಎಂದ ತಕ್ಷಣ ಬರುವ ಮೊದಲ ಕಥೆಯೇ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ಸ್ಟೇಷನ್. 1910ರಲ್ಲಿ ಕಟ್ಟಿದ್ದು. 1963ರಲ್ಲಿ ಕೆಡವಲು ಶುರು ಮಾಡಿದರು. ಆ ಸಿಟ್ಟಿನಿಂದಲೇ ಅಲ್ಲಿ ಕಾಯ್ದೆಗಳು ಬಂದವು ಎಂದು ಕಲಿತಿದ್ದೇವೆ. ಅಂದರೆ ಒಂದು ರೈಲು ನಿಲ್ದಾಣ ಸತ್ತಿದ್ದಕ್ಕೆ ಬಂದ ಕಾಯ್ದೆಯಿಂದ ಈಗ ರೈಲನ್ನೇ ಹೊರಗಿಡುತ್ತಾರಾ? ಇದೆಂಥ ನ್ಯಾಯ? 'ಕೆಲಸ ಬೇಗ ಆಗಬೇಕು' ಎಂದು ಕೇಳದ ಇಲಾಖೆ ಯಾವುದಿದೆ?

ಮಣ್ಣಗೆಲಸ (ನೆವಾಡಾ)

ಮಲ್ಲಿಯವರೇ, ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ನನ್ನದು ಇದೇ ಕಸುಬು. ರಸ್ತೆ, ಪೈಪ್‌ಲೈನ್, ರೈಲು ಕೆಲಸಕ್ಕೆ ಮುಂಚೆ ನೆಲ ಅಗೆದು, ಅಲ್ಲೇನಿತ್ತು ಎಂದು ಬರೆದುಕೊಡುವವರು ನಾವು. ಆದರೆ ಎರಡು ವಿಷಯ ಹೇಳಲೇಬೇಕು.

ಪೆನ್ ಸ್ಟೇಷನ್ ಖಾಸಗಿ ಆಸ್ತಿ. ಖಾಸಗಿ ಕಂಪನಿ ತನ್ನ ಆಸ್ತಿಯನ್ನು ತನ್ನ ದುಡ್ಡಲ್ಲಿ ಕೆಡವಿತು. ಸೆಕ್ಷನ್ 106 ಆಗಲೇ ಇದ್ದಿದ್ದರೂ, ಕೇಂದ್ರದ ಪಾತ್ರ ಇಲ್ಲದ ಕಡೆ ಅದು ಬಾಯಿ ತೆರೆಯುತ್ತಿರಲಿಲ್ಲ. ಅದೇ ಊರಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ ಉಳಿದದ್ದು ನ್ಯೂಯಾರ್ಕ್ ನಗರದ 1965ರ ಸ್ಥಳೀಯ ಕಾಯ್ದೆಯಿಂದ. ಅದನ್ನು 1978ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು.

ಇನ್ನೊಂದು, 106 ಯಾವುದನ್ನೂ 'ಕೆಡವಬೇಡ' ಎನ್ನುವುದಿಲ್ಲ. 'ಕೆಡವುವ ಮುಂಚೆ ಯೋಚಿಸು, ಕೇಳು, ಬರೆದಿಡು' ಎನ್ನುತ್ತದೆ, ಅಷ್ಟೇ. ಎಲ್ಲ ಮುಗಿದ ಮೇಲೆ ಒಪ್ಪಂದಕ್ಕೆ ಸಹಿ ಹಾಕಿ, ಫೋಟೊ ತೆಗೆದು, ಅಳತೆ ಮಾಡಿ ಕೆಡವಬಹುದು. ಕೆಡವುತ್ತಾರೆ ಕೂಡ.

ಹಲ್ಲಿದ್ದದ್ದು ಬೇರೆ ಕಾಯ್ದೆಗೆ. ಅದೇ 1966ರ ಸಾರಿಗೆ ಇಲಾಖೆ ಕಾಯ್ದೆಯ ಸೆಕ್ಷನ್ 4ಎಫ್. ಬೇರೆ ಕಾರ್ಯಸಾಧ್ಯ ದಾರಿಯೇ ಇಲ್ಲ ಎಂದು ತೋರಿಸದೆ ಚಾರಿತ್ರಿಕ ಜಾಗವನ್ನು ಸಾರಿಗೆಗೆ ಬಳಸುವಂತಿಲ್ಲ ಎನ್ನುತ್ತಿತ್ತು ಅದು. ಫಾಸ್ಟ್ ಆ್ಯಕ್ಟ್ ಆ ಹಲ್ಲನ್ನು ರೈಲಿನ ಮಟ್ಟಿಗೆ ನೇರವಾಗಿ ಕಿತ್ತಿತು. ರೈಲು ಮಾರ್ಗದ ಸುಧಾರಣೆ, ರಿಪೇರಿ ಇವು 'ಬಳಕೆ'ಯೇ ಅಲ್ಲ ಎಂದಿತು. ನಿಲ್ದಾಣಗಳನ್ನೂ, ಕೈಬಿಟ್ಟ ಮಾರ್ಗಗಳ ಸೇತುವೆ ಮತ್ತು ಸುರಂಗಗಳನ್ನೂ ಮಾತ್ರ ಇದರಿಂದ ಹೊರಗಿಟ್ಟಿತು. ಇದಕ್ಕೆ ಮಂಡಳಿಯೂ ಬೇಕಾಗಲಿಲ್ಲ, ಸಮಾಲೋಚನೆಯೂ ಬೇಕಾಗಲಿಲ್ಲ. ಎಲ್ಲರೂ 106 ಹಿಡಿದು ಜಗಳ ಆಡುತ್ತಾರೆ. ನನಗೆ ಬೇಜಾರಾಗಿದ್ದು ಇದಕ್ಕೆ.

ಸುಮ್ನೆ ಕೇಳ್ದೆ

ಸಾಮಾನ್ಯ ಜನರಿಗೆ ಅರ್ಥ ಆಗೋ ಹಾಗೆ ಹೇಳಿ. ಒಂದು ಮೋರಿ ರಿಪೇರಿ ಮಾಡೋಕೆ ಚರಿತ್ರೆಕಾರ ಯಾಕೆ ಬೇಕು? ನೀರು ಹೋಗಬೇಕು, ರೈಲು ಬೀಳಬಾರದು. ಅಷ್ಟೇ ಅಲ್ವಾ?

ಹಳಿಗುಂಟ (ನ್ಯೂಜೆರ್ಸಿ)

ಬೇಕಿಲ್ಲ. ಅದಕ್ಕೇ 2018ರ ವಿನಾಯಿತಿಯಲ್ಲಿ ಎರಡು ದಾರಿ ಮಾಡಿದ್ದಾರೆ.

ಮೊದಲನೆಯದು ಕೆಲಸದ ಪಟ್ಟಿ. ಹಳಿ, ಸ್ಲೀಪರ್, ಜಲ್ಲಿ ಬದಲಿಸುವುದು, ಸಿಗ್ನಲ್ ಮತ್ತು ವಿದ್ಯುತ್ ತಂತಿಯ ನಿರ್ವಹಣೆ, ಸೇತುವೆ ಸುರಂಗಗಳ ಸಣ್ಣಪುಟ್ಟ ರಿಪೇರಿ, ಹೀಗೆ ಒಂದು ಉದ್ದ ಪಟ್ಟಿ. ಕೆಲಸ ಆ ಪಟ್ಟಿಯಲ್ಲಿದ್ದು, ಅದರ ಷರತ್ತಿಗೆ ಒಪ್ಪಿದರೆ ಪರಿಶೀಲನೆ ಬೇಡ. ಎಷ್ಟೋ ಕಡೆ 'ಇದ್ದದ್ದು ಇದ್ದ ಹಾಗೇ' ಎಂಬ ಷರತ್ತು ಇದೆ. ಕಲ್ಲಿನ ಗೋಡೆಗೆ ಕಲ್ಲೇ ಹಾಕಬೇಕು, ಹೋಲುವ ಗಾರೆಯನ್ನೇ ಬಳಸಬೇಕು. ನನಗೆ ಇದರಲ್ಲಿ ತಕರಾರಿಲ್ಲ. ಮೊದಲೇ ಮಾಡಬೇಕಿತ್ತು.

ಎರಡನೆಯದು ಆಸ್ತಿಯ ಪಟ್ಟಿ. ಇಲ್ಲಿದೆ ಮಜಾ. ಒಂದು ರೈಲು ಸಂಸ್ಥೆ ತನ್ನ ಮಾರ್ಗವನ್ನು ತಾನೇ ಅಧ್ಯಯನ ಮಾಡಿ, 'ಇವಿಷ್ಟು ಆಸ್ತಿಗಳು ಮುಖ್ಯ, ಇವುಗಳಿಗೆ ಪರಿಶೀಲನೆ ಇರಲಿ' ಎಂದು ಪಟ್ಟಿ ಕೊಡಬಹುದು. ಅದು ಒಪ್ಪಿಗೆಯಾದರೆ ಪಟ್ಟಿಯಲ್ಲಿ ಇಲ್ಲದ ರೈಲು ಆಸ್ತಿಗಳೆಲ್ಲ ಬಿಡುಗಡೆ. ಮೊದಲ ದಾರಿಯಲ್ಲಿ ಇಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಎರಡನೇ ದಾರಿಯಲ್ಲಿ ಪಟ್ಟಿ ಬಿಟ್ಟುಹೋದ ಆಸ್ತಿಗೆ ಏನು ಬೇಕಾದರೂ ಮಾಡಬಹುದು, ಕೆಡವುವುದೂ ಸೇರಿ.

ಪಟ್ಟಿಯನ್ನು ಊರವರು, ರಾಜ್ಯದ ಅಧಿಕಾರಿಗಳು, ಬುಡಕಟ್ಟುಗಳು ನೋಡಿ ಅಭಿಪ್ರಾಯ ಹೇಳಬಹುದು. ಕೊನೆಯ ಮಾತು ಕೇಂದ್ರದ ಸಾರಿಗೆ ಇಲಾಖೆಯ ಅಂಗಸಂಸ್ಥೆಯದ್ದು. ಅಂದರೆ ದುಡ್ಡು ಕೊಡುವವರೇ ಒಪ್ಪಿಗೆಯನ್ನೂ ಕೊಡುತ್ತಾರೆ.

ಸಿಗ್ನಲ್ ಶಾಮರಾಯ (ಹುಬ್ಬಳ್ಳಿ)

ಪರೀಕ್ಷೆ ಬರೆಯುವ ಹುಡುಗನೇ ಪ್ರಶ್ನೆಪತ್ರಿಕೆ ತೆಗೆದ ಹಾಗಾಯಿತು!

ಆದರೂ ರೈಲಿನವನಾಗಿ ಒಂದು ಮಾತು ಹೇಳಬೇಕು. ನಾನು ಸರ್ವಿಸ್ ಪೂರ್ತಿ ಸಿಗ್ನಲ್ ವಿಭಾಗದಲ್ಲಿದ್ದವನು. ಅಮೆರಿಕದ ಪಿಟಿಸಿ ಕಥೆ ನಿಮಗೆ ಗೊತ್ತಿದೆಯೋ ಇಲ್ಲವೋ. ಪಿಟಿಸಿ ಅಂದರೆ ಚಾಲಕ ಕೆಂಪು ದೀಪ ದಾಟಲು ಹೊರಟರೆ ರೈಲನ್ನು ತಾನೇ ನಿಲ್ಲಿಸುವ ವ್ಯವಸ್ಥೆ. ನಮ್ಮ ಕವಚ್ ಇದೆಯಲ್ಲ, ಅದರ ಜಾತಿಯದ್ದು. 2008ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಪ್ರಯಾಣಿಕರ ರೈಲೊಂದು ಗೂಡ್ಸ್ ಗಾಡಿಗೆ ಎದುರಾಎದುರು ಹೊಡೆಯಿತು. 25 ಜನ ಸತ್ತರು. ಚಾಲಕ ಫೋನಿನಲ್ಲಿ ಮೆಸೇಜ್ ಕಳಿಸುತ್ತಿದ್ದ. ಅದಾದ ಮರು ತಿಂಗಳೇ ಕಾಯ್ದೆ ಬಂತು. 2015ರ ಕೊನೆಯೊಳಗೆ ಪಿಟಿಸಿ ಹಾಕಿ ಎಂದರು.

ಪಿಟಿಸಿಗೆ ಹಳಿಯ ಪಕ್ಕ ರೇಡಿಯೊ ಕಂಬ ಬೇಕು. ಒಂದೆರಡಲ್ಲ, ಸಾವಿರಾರು. ಕಂಬ ನೆಡಲು ಶುರು ಮಾಡಿದರು. 2013ರಲ್ಲಿ ರೇಡಿಯೊ ಪರವಾನಗಿ ಕೊಡುವ ಕೇಂದ್ರದ ಸಂವಹನ ಆಯೋಗ 'ನಿಲ್ಲಿಸಿ' ಎಂದಿತು. ಯಾಕೆ? ಪ್ರತಿ ಕಂಬಕ್ಕೂ ಪರಂಪರೆ ಪರಿಶೀಲನೆ ಆಗಬೇಕು, ಬುಡಕಟ್ಟುಗಳಿಗೆ ತಿಳಿಸಬೇಕು ಎಂದು. ಜೀವ ಉಳಿಸುವ ಕಂಬ ಅದು! ಆಗಲೇ ಹಳಿ, ಟೆಲಿಗ್ರಾಫ್ ಕಂಬ, ಸಿಗ್ನಲ್ ಎಲ್ಲ ಇರುವ ಜಾಗದಲ್ಲಿ ಇನ್ನೊಂದು ಕಂಬಕ್ಕೆ ಅಷ್ಟು ರಗಳೆ ಯಾಕೆ?

ಮಣ್ಣಗೆಲಸ (ನೆವಾಡಾ)

ಶಾಮರಾಯರೇ, ಕಥೆಯ ಇನ್ನರ್ಧ ಹೇಳಲೇ?

ಕಂಬಕ್ಕೆ ಪರಿಶೀಲನೆ ಬೇಕು ಎಂಬ ನಿಯಮ ಹೊಸದಾಗಿರಲಿಲ್ಲ. ಮೊಬೈಲ್ ಟವರ್‌ನವರು ಅದನ್ನು ಪಾಲಿಸಿಕೊಂಡೇ ಬರುತ್ತಿದ್ದರು. ರೈಲು ಕಂಪನಿಗಳು ಕೇಳದೆ ಸಾವಿರಾರು ಕಂಬ ನೆಟ್ಟ ಮೇಲೆ ವಿಷಯ ಹೊರಬಿತ್ತು. ಇನ್ನು ಆ ನೆಲ ಯಾರದ್ದು? 1862ರ ಪೆಸಿಫಿಕ್ ರೈಲ್ವೆ ಕಾಯ್ದೆಯ ಕಾಲದಿಂದ ಬುಡಕಟ್ಟುಗಳ ಜಾಗದ ಮಧ್ಯೆಯೇ ಹಳಿ ಹಾಕಿದ್ದು. ಮೊದಲ ಸಲ ಹಳಿ ಹಾಕಿದಾಗ ಅವರನ್ನು ಯಾರೂ ಕೇಳಲಿಲ್ಲ. ಸೆಕ್ಷನ್ 106ರಲ್ಲಿ ಬುಡಕಟ್ಟುಗಳ ಜೊತೆ ಸಮಾಲೋಚನೆ ಕಡ್ಡಾಯ ಆದದ್ದೇ 1992ರ ತಿದ್ದುಪಡಿಯಲ್ಲಿ. ಕೇಳುವ ಪದ್ಧತಿ ಶುರುವಾಗಿ ಸುಮಾರು ಇಪ್ಪತ್ತು ವರ್ಷಕ್ಕೇ 'ಅರ್ಜೆಂಟ್ ಇದೆ, ಈ ಸಲವೂ ಕೇಳಲ್ಲ' ಎಂದರೆ ಅವರಿಗೆ ಹೇಗನ್ನಿಸಬೇಡ?

ಮತ್ತೆ ಅದು ಅಲ್ಲೇ ನಿಂತುಹೋಗಲಿಲ್ಲ. 2014ರ ಮೇ ತಿಂಗಳಲ್ಲಿ ಮಂಡಳಿ ಪಿಟಿಸಿ ಕಂಬಗಳಿಗೆ ಪ್ರತ್ಯೇಕ ಸುಲಭ ವ್ಯವಸ್ಥೆ ಮಾಡಿತು. ಅಂದರೆ ಒಂದು ವರ್ಷದಲ್ಲಿ ದಾರಿ ಸಿಕ್ಕಿತು. ಪಿಟಿಸಿ ಪೂರ್ತಿಯಾಗಿದ್ದು 2020ರ ಕೊನೆಗೆ. ಉಳಿದ ವರ್ಷಗಳ ಲೆಕ್ಕವನ್ನು ಯಾರ ತಲೆಗೆ ಕಟ್ಟುತ್ತೀರಿ?

ಸಿಗ್ನಲ್ ಶಾಮರಾಯ (ಹುಬ್ಬಳ್ಳಿ)

ಒಂದು ವರ್ಷ ಎಂದು ಸುಲಭವಾಗಿ ಹೇಳಿಬಿಟ್ಟಿರಿ. ಸಿಗ್ನಲ್ ಕೆಲಸದಲ್ಲಿ ಒಂದು ವರ್ಷ ನಿಂತರೆ ಟೆಂಡರ್ ಹೋಗುತ್ತದೆ, ತರಬೇತಾದ ಹುಡುಗರು ಬೇರೆ ಕಡೆ ಹೋಗುತ್ತಾರೆ, ಬಂದ ಸಾಮಾನಿನ ವಾರಂಟಿ ಮುಗಿಯುತ್ತದೆ. ಮತ್ತೆ ಶುರು ಮಾಡಲು ಇನ್ನೊಂದು ವರ್ಷ. ಇದು ಕಡತದ ಮುಂದೆ ಕೂತವರಿಗೆ ತಿಳಿಯುವುದಿಲ್ಲ.

ಬುಡಕಟ್ಟಿನವರ ಮಾತು ಒಪ್ಪುತ್ತೇನೆ. ಅವರನ್ನು ಕೇಳಬೇಕು. ಆದರೆ ಒಂದೊಂದು ಕಂಬಕ್ಕೂ ಕೇಳುವುದು ಬೇರೆ, ಮಾರ್ಗಕ್ಕೊಮ್ಮೆ ಕೂತು ಮಾತಾಡಿ 'ಈ ಈ ಜಾಗ ಮುಟ್ಟಬೇಡಿ' ಎಂದು ನಕಾಶೆಯಲ್ಲಿ ಗುರುತು ಹಾಕಿಕೊಳ್ಳುವುದು ಬೇರೆ.

ಮಣ್ಣಗೆಲಸ (ನೆವಾಡಾ)

ಆ ಎರಡನೇ ಮಾತಿಗೆ ನನ್ನ ಪೂರ್ತಿ ಸಹಮತ. 2018ರ ವಿನಾಯಿತಿ ಬುಡಕಟ್ಟು ಭೂಮಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ.

ನಿರ್ವಾಹಕ

ಅಲ್ಲಿನ ಪಕ್ಷಗಳ ಬಗ್ಗೆ ಬೈದಾಡಿದ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ರೈಲಿನ ವಿಷಯಕ್ಕೆ ಮಾತ್ರ ಬನ್ನಿ.

ಸುಮ್ನೆ ಕೇಳ್ದೆ

ಸರಿ, ಹಳಿಗುಂಟ ಅವರಿಗೆ ನೇರ ಪ್ರಶ್ನೆ. ನಿಮ್ಮ ಕಡೆ ನೂರು ವರ್ಷದ ಸೇತುವೆಗಳ ಮೇಲೆ ರೈಲು ಓಡುತ್ತಿದೆ ಅಂತ ಆಗಾಗ ಓದುತ್ತೇನೆ. ಅವನ್ನು ಬದಲಿಸದೆ ಇರೋದಕ್ಕೆ ಈ ಪರಂಪರೆ ಕಾಯ್ದೆಯೇ ಕಾರಣವಾ? ಹೌದಾದರೆ ತೆಗೆದುಹಾಕಲಿ. ಅಲ್ಲವಾದರೆ ಇಷ್ಟು ಗಲಾಟೆ ಯಾಕೆ?

ಹಳಿಗುಂಟ (ನ್ಯೂಜೆರ್ಸಿ)

ಒಳ್ಳೆಯ ಪ್ರಶ್ನೆ. ನನ್ನ ಮನೆಗೆ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ.

ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ನದಿ ಮೇಲೆ ಪೋರ್ಟಲ್ ಸೇತುವೆ ಇದೆ. 1910ರದ್ದು. ದೋಣಿ ಬಂದರೆ ಮಧ್ಯದ ಭಾಗ ಅಡ್ಡಡ್ಡ ತಿರುಗಿ ದಾರಿ ಬಿಡುತ್ತದೆ. ಆಮೇಲೆ ವಾಪಸ್ ಬಂದು ಕೂರಬೇಕು. ಎಷ್ಟೋ ಸಲ ಕೂರುವುದಿಲ್ಲ. ಕೆಲಸಗಾರರು ದೊಡ್ಡ ಸುತ್ತಿಗೆ ತಂದು ಬಡಿದು ಕೂರಿಸಿದ್ದಾರೆ. ಕೋವಿಡ್‌ಗೆ ಮುಂಚೆ ಇದರ ಮೇಲೆ ದಿನಕ್ಕೆ ಸುಮಾರು 450 ರೈಲು ಓಡುತ್ತಿದ್ದವು. ಬೋಸ್ಟನ್ನಿಂದ ವಾಷಿಂಗ್ಟನ್‌ವರೆಗಿನ 457 ಮೈಲಿ ಮಾರ್ಗದ ಕತ್ತು ಇದು. ಇಲ್ಲಿ ಸಿಕ್ಕಿಕೊಂಡರೆ ಇಡೀ ಪೂರ್ವ ಕರಾವಳಿಯ ರೈಲು ಕೆಮ್ಮುತ್ತದೆ.

ಇದನ್ನು ಬದಲಿಸಲು ಪರಿಸರ ಅಧ್ಯಯನ, ಚಾರಿತ್ರಿಕ ಪರಿಶೀಲನೆ ಎಲ್ಲ ಮುಗಿದು ಕೇಂದ್ರದ ಅಂತಿಮ ತೀರ್ಮಾನ ಬಂದದ್ದು 2008ರ ಡಿಸೆಂಬರ್‌ನಲ್ಲಿ. ಚರಿತ್ರೆ, ಪರಂಪರೆ ಎಲ್ಲ ಆಗಲೇ ಬಗೆಹರಿದಿತ್ತು. ಹೊಸ ಸೇತುವೆಯ ಮುಖ್ಯ ಕಾಮಗಾರಿ ಶುರುವಾಗಿದ್ದು ಯಾವಾಗ ಗೊತ್ತಾ? 2022ರಲ್ಲಿ. ನಡುವಿನ ಹದಿನಾಲ್ಕು ವರ್ಷದಲ್ಲಿ ನಡೆದದ್ದು ದುಡ್ಡಿನ ಜಗಳ. ಕೇಂದ್ರ ಎಷ್ಟು ಕೊಡಬೇಕು, ನ್ಯೂಜೆರ್ಸಿ ಎಷ್ಟು, ನ್ಯೂಯಾರ್ಕ್ ಎಷ್ಟು, ಯಾವ ಸರ್ಕಾರ ಇದನ್ನು ಬಯಸುತ್ತದೆ, ಯಾವುದು ಬಯಸುವುದಿಲ್ಲ ಎಂಬುದು. ಕೇಂದ್ರದ ಪೂರ್ಣ ಅನುದಾನದ ಒಪ್ಪಂದ ಆದದ್ದೇ 2021ರ ಜನವರಿಯಲ್ಲಿ.

ಕನೆಕ್ಟಿಕಟ್‌ನ ನಾರ್ವಾಕ್ ಸೇತುವೆಯೂ ಇದೇ ತರಹದ್ದು. 1896ರದ್ದು. 2014ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಸಲ ತೆರೆದುಕೊಂಡು ಮುಚ್ಚಲೇ ಇಲ್ಲ. ಅದನ್ನೂ ಈಗ ಬದಲಿಸುತ್ತಿದ್ದಾರೆ. 106ರ ಪರಿಶೀಲನೆ ನಡೆದೇ ಆ ಕೆಲಸ ಆಗುತ್ತಿದೆ.

ಹಾಗಾಗಿ ನನ್ನ ಉತ್ತರ: ದೊಡ್ಡ ಸೇತುವೆ ತಡವಾಗುವುದಕ್ಕೆ ಪರಂಪರೆ ಮುಖ್ಯ ಕಾರಣ ಅಲ್ಲ. ಸಣ್ಣ ರಿಪೇರಿಗೆ ಅದು ನಿಜವಾಗಿ ಅಡ್ಡಿ. ವಿನಾಯಿತಿ ಕೇಳುವಾಗ ಸಣ್ಣ ರಿಪೇರಿಯ ಕಥೆ ಹೇಳುತ್ತಾರೆ. ಪಡೆಯುವಾಗ ದೊಡ್ಡ ಕೆಲಸಕ್ಕೂ ಸೇರಿಸಿ ಪಡೆಯುತ್ತಾರೆ. ನನ್ನ ತಕರಾರೆಲ್ಲ ಆ ನಡುವಿನ ಜಾಗದ ಬಗ್ಗೆ.

ಡಕೋಟಾ ಚಳಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನಿರುವುದು ನಾರ್ತ್ ಡಕೋಟಾದಲ್ಲಿ. ಇಲ್ಲಿ ಕನ್ನಡ ಮಾತಾಡಲು ಜನ ಸಿಗುವುದಿಲ್ಲ, ಅದಕ್ಕೇ ಇಲ್ಲಿ ಬಂದು ಬರೆಯುತ್ತೇನೆ.

ನಮ್ಮಲ್ಲಿ ಬಿಸ್ಮಾರ್ಕ್ ಮತ್ತು ಮ್ಯಾಂಡನ್ ಊರುಗಳ ನಡುವೆ ಮಿಸ್ಸೂರಿ ನದಿಗೆ ರೈಲು ಸೇತುವೆ ಇದೆ. 1880ರ ದಶಕದ ಆರಂಭದಲ್ಲಿ ನಾರ್ದರ್ನ್ ಪೆಸಿಫಿಕ್ ಎಂಬ ರೈಲು ಕಂಪನಿ ಕಟ್ಟಿಸಿದ್ದು. ಎಂಜಿನಿಯರ್ ಜಾರ್ಜ್ ಮೊರಿಸನ್. ಈಗಿನ ಒಡೆಯರು ಬಿಎನ್‌ಎಸ್‌ಎಫ್ ಎಂಬ ಖಾಸಗಿ ಗೂಡ್ಸ್ ಕಂಪನಿ. ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ ಇದನ್ನು ತೆಗೆಯುತ್ತೇವೆ ಎಂದರು. ದುಡ್ಡು ಅವರದೇ. ಆದರೆ ದೋಣಿ ಓಡಾಡುವ ನದಿ ಆದ್ದರಿಂದ ಕೋಸ್ಟ್ ಗಾರ್ಡ್ ಪರವಾನಗಿ ಬೇಕು. ಪರವಾನಗಿ ಎಂದ ತಕ್ಷಣ 106 ಬಂತು. ಸಮುದ್ರದಿಂದ ಸಾವಿರಾರು ಮೈಲಿ ದೂರದಲ್ಲಿ ಕೋಸ್ಟ್ ಗಾರ್ಡ್ ಕಡತ ನೋಡುತ್ತಿರುವುದು ನಮಗೆಲ್ಲ ತಮಾಷೆ.

ಊರಿನ ಕೆಲವರು ಗುಂಪು ಕಟ್ಟಿದರು. ಹಳೆಯದನ್ನು ನಡೆದಾಡುವ ಸೇತುವೆ ಮಾಡೋಣ ಎಂದರು. 2019ರಲ್ಲಿ ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟ್ ದೇಶದ ಅಪಾಯದಲ್ಲಿರುವ ಹನ್ನೊಂದು ತಾಣಗಳ ಪಟ್ಟಿಗೆ ಇದನ್ನು ಸೇರಿಸಿತು. ವರ್ಷಗಟ್ಟಲೆ ಸಭೆ, ಒಪ್ಪಂದದ ಕರಡು, ಕೋರ್ಟು. ಕಡೆಗೆ 2023ರಲ್ಲಿ ಕೋಸ್ಟ್ ಗಾರ್ಡ್ ಪರವಾನಗಿ ಕೊಟ್ಟೇ ಕೊಟ್ಟಿತು.

ನಾನು ಆ ಗುಂಪಿನವನಲ್ಲ. ಆದರೆ ಗಮನಿಸಿದ್ದು ಒಂದು. ಆ ಸಭೆಗಳಿಲ್ಲದೆ ಇದ್ದಿದ್ದರೆ, ನೂರಕ್ಕೂ ಹೆಚ್ಚು ವರ್ಷದ ಸೇತುವೆ ಹೋಗುತ್ತಿದೆ ಎಂದು ಊರಿನ ಮುಕ್ಕಾಲು ಜನಕ್ಕೆ ಕ್ರೇನ್ ಬಂದ ಮೇಲೇ ಗೊತ್ತಾಗುತ್ತಿತ್ತು. ಪರವಾನಗಿ ಸಿಕ್ಕಿತೋ ಇಲ್ಲವೋ, ಮಾತಾದರೂ ಆಯಿತು. ಬಿಎನ್‌ಎಸ್‌ಎಫ್ ವಾದವೂ ಸುಳ್ಳಲ್ಲ. ಗೂಡ್ಸ್ ಗಾಡಿಗಳ ಭಾರ ಈಗ ಎಲ್ಲಿ, ಆಗ ಎಲ್ಲಿ.

ಮೈಸೂರ್ ಮಲ್ಲಿ

ಈಗ ನಮ್ಮ ಮನೆ ಹತ್ತಿರದ ಕಥೆ. ಬೆಂಗಳೂರು–ಮೈಸೂರು ಜೋಡಿ ಹಳಿ ಕೆಲಸ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ನಿಂತಿತ್ತು. ದಾರಿಗೆ ಅಡ್ಡ ಇದ್ದದ್ದು ಟಿಪ್ಪು ಕಾಲದ ಮದ್ದಿನ ಮನೆ, ಅಂದರೆ ಮದ್ದುಗುಂಡು ಇಡುತ್ತಿದ್ದ ಕಟ್ಟಡ. ಕೆಡವಲಿಲ್ಲ. 2017ರ ಮಾರ್ಚ್‌ನಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ಜ್ಯಾಕ್ ಮೇಲೆ ಕೂರಿಸಿ, ನೂರು ಮೀಟರ್‌ಗೂ ಆಚೆ ತಳ್ಳಿಕೊಂಡು ಹೋಗಿ ಇಟ್ಟರು. ಅದನ್ನು ಮಾಡಿದ್ದರಲ್ಲಿ ಒಂದು ಅಮೆರಿಕದ ಕಂಪನಿಯೇ! ಜೋಡಿ ಹಳಿಯೂ ಆಯಿತು, ಮದ್ದಿನ ಮನೆಯೂ ಉಳಿಯಿತು. ಮನಸ್ಸಿದ್ದರೆ ಎರಡೂ ಆಗುತ್ತದೆ.

ಸಿಗ್ನಲ್ ಶಾಮರಾಯ (ಹುಬ್ಬಳ್ಳಿ)

ಅದು ಮದ್ದಿನ ಮನೆ ತಾಯಿ, ರೈಲಿನ ಆಸ್ತಿ ಅಲ್ಲ. ಟಿಪ್ಪು ಹೆಸರಿತ್ತು, ಪುರಾತತ್ವ ಇಲಾಖೆ ಇತ್ತು, ಪೇಪರಿನವರಿದ್ದರು. ಅದೇ ಮಾರ್ಗದಲ್ಲಿದ್ದ ಮೀಟರ್‌ಗೇಜ್ ಕಾಲದ ನೀರಿನ ಟ್ಯಾಂಕು, ಸಿಗ್ನಲ್ ಕ್ಯಾಬಿನ್, ಸಣ್ಣ ಗೂಡ್ಸ್ ಶೆಡ್ಡುಗಳಿಗೆ ಯಾರು ಅತ್ತರು? ನಮ್ಮ ಕಾಯ್ದೆ ಹೇಗಿದೆ ಅಂದರೆ ಕೇಂದ್ರದ ಸಂರಕ್ಷಿತ ಸ್ಮಾರಕ ಆಗಿದ್ದರೆ ಸುತ್ತ ನೂರು ಮೀಟರ್ ಏನೂ ಕಟ್ಟುವಂತಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಜೆಸಿಬಿ ನೇರ ಒಳಗೆ. ಮಧ್ಯದ್ದು ಏನೂ ಇಲ್ಲ.

ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್, ಆವತಿಹಳ್ಳಿ, ದೇವನಹಳ್ಳಿ, ದೊಡ್ಡಜಾಲ ನಿಲ್ದಾಣಗಳನ್ನು ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆ ಮುಂದೆ ಬಂದು ರೈಲ್ವೆ ಜೊತೆ ಸೇರಿ ಉಳಿಸಿತು. ಬಹಳ ಚೆನ್ನಾಗಿ ಮಾಡಿದ್ದಾರೆ, ಹೋಗಿ ನೋಡಿ. ಆದರೆ ಅದು ಆಸಕ್ತರ ಶ್ರಮ, ನಿಯಮದಿಂದ ಆದದ್ದಲ್ಲ.

ಹಳಿಗುಂಟ (ನ್ಯೂಜೆರ್ಸಿ)

ಶಾಮರಾಯರು ಹೇಳಿದ 'ಮಧ್ಯದ್ದು' ಎಂಬುದೇ 106ರ ಶಕ್ತಿ. ಚಾರಿತ್ರಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಸೇರುವ ಅರ್ಹತೆ ಇದ್ದರೆ ಸಾಕು, ಪರಿಶೀಲನೆ ಆಗಬೇಕು. ಯಾರೂ ಇನ್ನೂ ಗಮನಿಸದ ಒಂದು ಸಣ್ಣ ಕಮಾನು ಸೇತುವೆಯನ್ನೂ ಒಬ್ಬರು ಹೋಗಿ ನೋಡುತ್ತಾರೆ. ಆಸ್ತಿ ಪಟ್ಟಿಯ ದಾರಿ ಇದನ್ನೇ ತಿರುಗಿಸಿಬಿಡುತ್ತದೆ. ಮೊದಲೇ ಪಟ್ಟಿಗೆ ಬಾರದ್ದು ಆಮೇಲೆ ಸಿಕ್ಕರೂ ಅದಕ್ಕೆ ದಿಕ್ಕಿಲ್ಲ.

ಮಣ್ಣಗೆಲಸ (ನೆವಾಡಾ)

ಈಗ ನನ್ನ ಕಡೆಯ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು. ತಾಳ್ಮೆಯಿಂದ ಓದಿ.

ಡಾನರ್ ಕಣಿವೆ ನಮ್ಮ ನೆವಾಡಾದ ಗಡಿಯಿಂದ ಹತ್ತಿರ, ಕ್ಯಾಲಿಫೋರ್ನಿಯಾದ ಕಡೆ. 1860ರ ದಶಕದಲ್ಲಿ ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿ ಅಲ್ಲಿ ಸಿಯೆರಾ ಬೆಟ್ಟ ಕೊರೆಯಿತು. ಕೊರೆದವರು ಹೆಚ್ಚಾಗಿ ಚೀನೀ ಕೂಲಿಗಳು. ನೆತ್ತಿಯ ಸುರಂಗ 1,659 ಅಡಿ. ಗ್ರಾನೈಟ್ ಬಂಡೆ, ಕೈಸುತ್ತಿಗೆ, ಕಪ್ಪು ಮದ್ದು, ಕೆಲವು ಕಡೆ ನೈಟ್ರೋಗ್ಲಿಸರಿನ್. ಚಳಿಗಾಲದಲ್ಲಿ ಹಿಮದೊಳಗೇ ಬಿಲ ತೋಡಿಕೊಂಡು ಓಡಾಡಿದರು. 1867ರ ಜೂನ್‌ನಲ್ಲಿ ಬಿಳಿಯರಷ್ಟೇ ಕೂಲಿ ಕೊಡಿ ಎಂದು ಮುಷ್ಕರ ಹೂಡಿದರು. ಕಂಪನಿ ಊಟದ ಸರಬರಾಜು ನಿಲ್ಲಿಸಿ ಮುಷ್ಕರ ಮುರಿಯಿತು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವ, ಪಶ್ಚಿಮದಿಂದ ಬಂದ ಎರಡು ಹಳಿಗಳು ಕೂಡಿದ ಆ ಹೆಸರಾಂತ ಫೋಟೊದಲ್ಲಿ ಅವರನ್ನು ಕಾಣುವುದೇ ಕಷ್ಟ.

ಆ ಸಾವಿರಾರು ಜನ ಬರೆದ ಒಂದು ಕಾಗದವೂ ಇದುವರೆಗೆ ಸಿಕ್ಕಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2012ರಿಂದ ಇದಕ್ಕೆಂದೇ ಒಂದು ಯೋಜನೆ ನಡೆಸಿದರು. ಹಾಗಾದರೆ ಅವರ ಬದುಕಿನ ಬಗ್ಗೆ ನಮಗೆ ಗೊತ್ತಿರುವುದು ಎಲ್ಲಿಂದ? ಕಂಪನಿಯ ಸಂಬಳದ ಪುಸ್ತಕ, ಪತ್ರಿಕೆಗಳು, ಮತ್ತೆ ನೆಲ. ಒಡೆದ ಅನ್ನದ ಬಟ್ಟಲು, ಔಷಧಿ ಸೀಸೆ, ಒಲೆಯ ಗುರುತು. ಇವು ಸಿಗುವುದು ಹಳಿಯ ಅಂಚಿನಲ್ಲೇ, ಯಾಕೆಂದರೆ ಅವರ ಬಿಡಾರ ಇದ್ದದ್ದೇ ಅಲ್ಲಿ. ಡಾನರ್‌ನ ಹಳೆಯ ಸುರಂಗದ ಮಾರ್ಗದಿಂದ 1993ರಲ್ಲಿ ರೈಲು ನಿಂತಿತು. ಈಗ ಜನ ಟಾರ್ಚ್ ಹಿಡಿದು ಒಳಗೆ ನಡೆದು ಹೋಗುತ್ತಾರೆ, ಗೋಡೆ ತುಂಬ ಬಣ್ಣದ ಗೀಚು. 2021ರಲ್ಲಿ ಆ ಸುರಂಗಗಳು ಮತ್ತು ಬಿಡಾರದ ಜಾಗ ಕೂಡ ಅದೇ ಅಪಾಯದ ಹನ್ನೊಂದರ ಪಟ್ಟಿಗೆ ಬಂದವು.

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ವೆಸ್ಟರ್ನ್ ಪೆಸಿಫಿಕ್ ಹಳಿ ಹಾಕುವಾಗ ನಮ್ಮ ದೇಶದ ಪಂಜಾಬಿನವರೂ ದುಡಿದಿದ್ದಾರೆ. ಅವರ ಬಿಡಾರ ಎಲ್ಲೆಲ್ಲಿತ್ತೋ ಯಾರು ಹುಡುಕಿದ್ದಾರೆ?

2018ರ ವಿನಾಯಿತಿ ಪುರಾತತ್ವದ ಜಾಗಗಳನ್ನು ಬಿಟ್ಟುಕೊಟ್ಟಿಲ್ಲ, ಅದು ನಿಜ. ಕೆದಕದ ನೆಲಕ್ಕೆ ಪರಿಶೀಲನೆ ಇದ್ದೇ ಇದೆ. ಆದರೆ 'ಈಗಾಗಲೇ ಕೆದಕಿದ ನೆಲ' ಎಂದು ಬರೆದರೆ ಕೆಲಸ ಸಲೀಸು. ಎಷ್ಟು ಆಳ ಕೆದಕಿದೆ? ಯಾವಾಗ? ಮೇಲಿನ ಎರಡು ಅಡಿ ತುಂಬಿದ ಮಣ್ಣಾಗಿದ್ದು, ಅದರ ಕೆಳಗೆ 1867ರ ಒಲೆ ಹಾಗೇ ಇರಬಹುದು. ರೈಲು ಅಂಚಿನಲ್ಲಿ ಇದು ಅಪರೂಪ ಅಲ್ಲ. ಹಿಂದೊಮ್ಮೆ ಒಂದು ಕೆಲಸದಲ್ಲಿ ನಕಾಶೆಯ ಮೇಲೆ ಹಳಿ ಪಕ್ಕದ ಇಡೀ ನೆಲವನ್ನು 'ಕೆದಕಿದ್ದು' ಎಂದು ಬಣ್ಣ ಬಳಿದು ನಮಗೆ ಕೊಟ್ಟಿದ್ದರು. ಬಣ್ಣ ಬಳಿದವರು ಜಾಗಕ್ಕೇ ಹೋಗಿರಲಿಲ್ಲ. ಕಾಯ್ದೆಯ ಮಾತಿಗಿಂತ ಆ ಬಣ್ಣದ ಪೆನ್ಸಿಲ್ಲಿಗೆ ನಾನು ಹೆದರುತ್ತೇನೆ.

ಸುಮ್ನೆ ಕೇಳ್ದೆ

ಇದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೂ ಕೇಳುತ್ತೇನೆ. ಪ್ರತಿ ಮೈಲಿಗೂ ನಿಮ್ಮಂಥವರು ಹೋಗಿ ನೋಡೋಕೆ ಆಗುತ್ತಾ? ಅಲ್ಲಿನ ಹಳಿ ಎಷ್ಟು ಉದ್ದ?

ಮಣ್ಣಗೆಲಸ (ನೆವಾಡಾ)

ಗೂಡ್ಸ್ ಜಾಲವೇ ಸುಮಾರು 1,40,000 ಮೈಲಿ. ಪ್ರತಿ ಮೈಲಿಗೂ ಹೋಗಬೇಕಿಲ್ಲ, ಹೋಗಲೂ ಆಗದು. ಆ ಮೈಲಿಗಳಲ್ಲಿ ಬಹುಪಾಲು ಖಾಸಗಿ. ಕಂಪನಿ ತನ್ನ ದುಡ್ಡಲ್ಲಿ ಮಾಡುವ ಕೆಲಸಕ್ಕೆ ಮೊದಲೂ 106 ಇರಲಿಲ್ಲ, ಈಗಲೂ ಇಲ್ಲ. ಕೇಂದ್ರದ ಅನುದಾನ ಬಂದಾಗ, ನದಿ ದಾಟಲು ಪರವಾನಗಿ ಬೇಕಾದಾಗ, ಮಾರ್ಗ ಕೈಬಿಡಲು ಅನುಮತಿ ಕೇಳಿದಾಗ ಮಾತ್ರ ಬರುತ್ತದೆ. ಅಂದರೆ ಜನರ ದುಡ್ಡು ತಗೊಂಡಾಗ ಜನರನ್ನು ಒಂದು ಮಾತು ಕೇಳಿ ಎಂಬಷ್ಟೇ ಬೇಡಿಕೆ. ಇದು ಜಾಸ್ತಿ ಆಯಿತಾ?

ಸಿಗ್ನಲ್ ಶಾಮರಾಯ (ಹುಬ್ಬಳ್ಳಿ)

ಜಾಸ್ತಿ ಅಲ್ಲ. ಆದರೆ ಕೇಳಿದ ಮೇಲೆ ಉತ್ತರ ಬೇಗ ಬರಬೇಕು.

ಮಣ್ಣಗೆಲಸ (ನೆವಾಡಾ)

ನಿಯಮದಲ್ಲಿ ರಾಜ್ಯದ ಅಧಿಕಾರಿಗೆ 30 ದಿನದ ಗಡುವು ಇದೆ. ಉತ್ತರ ಬರದಿದ್ದರೆ ಇಲಾಖೆ ಮುಂದೆ ಹೋಗಬಹುದು. ತಡವಾಗುವುದು ಹೆಚ್ಚಾಗಿ ಅರ್ಧಂಬರ್ಧ ಕಡತ ಕಳಿಸಿ, ಅವರು ವಾಪಸ್ ಪ್ರಶ್ನೆ ಕೇಳಿ, ಇವರು ಮೂರು ತಿಂಗಳು ಬಿಟ್ಟು ಉತ್ತರ ಕೊಟ್ಟಾಗ. ಎರಡೂ ಕಡೆ ಸಿಬ್ಬಂದಿಯೂ ಕಡಿಮೆ.

ಮೈಸೂರ್ ಮಲ್ಲಿ

ಹಾಗಾದರೆ ಹಳಿಗುಂಟ ಅವರೇ, ನೀವೇ ನಿಯಮ ಬರೆಯುವ ಹಾಗಿದ್ದರೆ ಏನು ಮಾಡುತ್ತಿದ್ದಿರಿ? ಸುಮ್ನೆ ತಕರಾರು ಹೇಳಿದರೆ ಸಾಲದು.

ಹಳಿಗುಂಟ (ನ್ಯೂಜೆರ್ಸಿ)

ಕೆಲಸದ ಪಟ್ಟಿಯನ್ನು ಹಾಗೇ ಇಡುತ್ತಿದ್ದೆ. ಇನ್ನೂ ಸ್ವಲ್ಪ ಉದ್ದ ಮಾಡಿದರೂ ನನಗೆ ಬೇಸರವಿಲ್ಲ. ಸುರಕ್ಷತೆಯ ಕಂಬ, ಕೇಬಲ್ಲು, ಸಿಗ್ನಲ್ಲು, ಇವೆಲ್ಲ ನಿಲ್ಲಬಾರದು.

ಆಸ್ತಿ ಪಟ್ಟಿಯ ಮೊದಲ ಕರಡನ್ನು ರಾಜ್ಯದ ಸಂರಕ್ಷಣಾ ಕಚೇರಿ ಬರೆಯಲಿ. ಖರ್ಚನ್ನು ರೈಲಿನವರು ಕೊಡಲಿ. ಆಮೇಲೆ ರೈಲಿನವರು 'ಇದು ಬೇಡ, ಇದಕ್ಕೆ ಈ ಕಾರಣ' ಎಂದು ಒಂದೊಂದಾಗಿ ವಾದಿಸಲಿ. ಈಗ ಇರುವುದು ಇದರ ತಿರುಗುಮುರುಗು. ಊರವರು 'ಇದನ್ನೂ ಸೇರಿಸಿ' ಎಂದು ಸಾಬೀತು ಮಾಡಬೇಕು. ಆ ಮೋರಿ ಅಲ್ಲಿದೆ ಎಂದೇ ಊರವರಿಗೆ ಗೊತ್ತಿರುವುದಿಲ್ಲ. ರೈಲು ಆವರಣದೊಳಗೆ ಹೋದರೆ ಅತಿಕ್ರಮ ಪ್ರವೇಶದ ಕೇಸು ಬೀಳುತ್ತದೆ! ಹೋಗಿ ನೋಡಲಾಗದ್ದನ್ನು ಪಟ್ಟಿಗೆ ಸೇರಿಸಿ ಎಂದು ಯಾರು ಬರೆಯುತ್ತಾರೆ?

ಜೊತೆಗೆ, ಪಟ್ಟಿ ಒಮ್ಮೆ ಆದರೆ ಮುಗಿಯಿತು ಎಂದಾಗಬಾರದು. ಹೊಸದಾಗಿ ಏನಾದರೂ ಗೊತ್ತಾದರೆ ಸೇರಿಸಲು ಸುಲಭದ ಬಾಗಿಲಿರಬೇಕು.

ಸಿಗ್ನಲ್ ಶಾಮರಾಯ (ಹುಬ್ಬಳ್ಳಿ)

ರಾಜ್ಯದ ಕಚೇರಿ ಬರೆದರೆ ಎಲ್ಲವನ್ನೂ ಪಟ್ಟಿಗೆ ತುಂಬುತ್ತಾರೆ. ತುಕ್ಕು ಹಿಡಿದ ಲಿವರ್ ಕೂಡ ಚರಿತ್ರೆ ಆಗುತ್ತದೆ. ನಾನು ಕೆಲಸ ಮಾಡಿದ ಲಿವರ್ ಫ್ರೇಮ್ ಒಂದಕ್ಕೂ ನನಗೆ ಪ್ರೀತಿ ಕಡಿಮೆ ಇಲ್ಲ. ಆದರೆ ಅದು ಮ್ಯೂಸಿಯಂನಲ್ಲಿರಲಿ, ಹಳಿಯ ಪಕ್ಕ ಅಲ್ಲ. ಮೂರನೆಯವರು ಯಾರಾದರೂ ಬರೆಯಲಿ. ಎಂಜಿನಿಯರೂ ಇರಲಿ, ಚರಿತ್ರೆ ಓದಿದವರೂ ಇರಲಿ.

ಮಣ್ಣಗೆಲಸ (ನೆವಾಡಾ)

ನಿಮ್ಮ ಮೂರನೆಯವರಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಾವು ಈಗಲೂ ಮೂರನೆಯವರೇ, ಸಲಹೆಗಾರರು. ಬಿಲ್ ಕಳಿಸುವುದು ಮಾತ್ರ ಕೆಲಸ ಮಾಡಿಸುವವರಿಗೆ.

ಸುಮ್ನೆ ಕೇಳ್ದೆ

ನನ್ನ ಅಕ್ಕನ ಮಗಳು ಬಾಲ್ಟಿಮೋರ್‌ನಲ್ಲಿದ್ದಾಳೆ. ಅವಳ ಊರಲ್ಲಿ ಇಂಥ ಕೆಲಸ ಬಂದರೆ ಅವಳು ಮಾತಾಡಬಹುದಾ? ಅವಳಿಗೆ ಅಲ್ಲಿನ ಪೌರತ್ವ ಇಲ್ಲ.

ಮಣ್ಣಗೆಲಸ (ನೆವಾಡಾ)

ಧಾರಾಳವಾಗಿ. ಸಾರ್ವಜನಿಕ ಅಭಿಪ್ರಾಯ ಬರೆಯಲು ಪೌರತ್ವ ಕೇಳುವುದಿಲ್ಲ. ಆ ಜಾಗದ ಜೊತೆ ತನಗೇನು ಸಂಬಂಧ ಎಂದು ತೋರಿಸಿದರೆ ಸಮಾಲೋಚನೆಯ ಪಾಲುದಾರಳಾಗಿ ಸೇರಿಸಿಕೊಳ್ಳಿ ಎಂದು ಪತ್ರ ಬರೆದು ಕೇಳಲೂಬಹುದು. ಒಪ್ಪುವುದು ಬಿಡುವುದು ಇಲಾಖೆಗೆ ಬಿಟ್ಟದ್ದು.

ಬಾಲ್ಟಿಮೋರ್ ಅಂದಿರಿ, ಅಲ್ಲಿ 1873ರ ಹಳೇ ರೈಲು ಸುರಂಗಕ್ಕೆ ಬದಲಾಗಿ ಫ್ರೆಡರಿಕ್ ಡಗ್ಲಾಸ್ ಹೆಸರಿನ ಹೊಸ ಸುರಂಗದ ಕೆಲಸ ನಡೆಯುತ್ತಿದೆ. ಸುರಂಗ ಅವಳ ಬೀದಿಯ ಕೆಳಗೇ ಹಾದುಹೋಗುತ್ತಿದ್ದರೂ ಆಶ್ಚರ್ಯ ಇಲ್ಲ. ನಕಾಶೆ ನೋಡಲು ಹೇಳಿ.

ಸುಮ್ನೆ ಕೇಳ್ದೆ

ಈಗಲೇ ಫೋನ್ ಮಾಡುತ್ತೇನೆ. ಅಲ್ಲಿ ಈಗ ಎಷ್ಟು ಗಂಟೆ?